ಕೆಂಚಮ್ಮನ ಕಾಲು ಇಳಿಸಬೇಡಿ

ತಗ್ಗಿನ ಮಾದಾಪುರ,
ಎರಡು ಸಾವಿರದ ನೂರ ಎಪ್ಪತ್ತೊಂದನೆಯ ಇಸವಿ, ವೈಶಾಖದ ನಲವತ್ತೆಂಟನೆಯ ದಿನ

ನಮ್ಮ ಹಿಂದಿನವರಿಗೆ,

ತಾರೀಖು ತಪ್ಪಾಗಿದೆ ಅಂದುಕೊಳ್ಳಬೇಡಿ. ನಮ್ಮ ವೈಶಾಖಕ್ಕೆ ಅರವತ್ತು ದಿನ. ಬಿಸಿಲು ಮುಗಿಯದೆ ತಿಂಗಳು ಮುಗಿಸುವುದು ಹೇಗೆ ಅಂತ ಪಂಚಾಂಗದವರೇ ಸೋತು ಅದನ್ನು ಎಳೆದು ಉದ್ದ ಮಾಡಿದ್ದಾರೆ. ನನ್ನ ಮಾತಿನಲ್ಲಿ ನೀವು ಕೇಳದ ಪದಗಳು ಬಂದರೆ ಕ್ಷಮಿಸಬೇಕು, ಬಂದ ಕಡೆಯಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು, ಒತ್ತಕ್ಷರ ಬಂದರೆ ಪೆನ್ನು ತಡವರಿಸುತ್ತದೆ. ಆದರೆ ಸಾಲು ಡೊಂಕಾಗಿರುವುದಕ್ಕೆ ಕಾರಣ ಅದಲ್ಲ, ಬೇರೆ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ನನ್ನ ಹೆಸರು ತಿಪ್ಪಕ್ಕ. ನಮ್ಮಲ್ಲಿ ಹಿನ್ನಂಚೆ ಅಂತ ಒಂದು ಬಂದಿದೆ. ಸತ್ತುಹೋದವರ ಕಾಲಕ್ಕೆ, ಹಿಂದಕ್ಕೆ ಹೋಗುವ ಅಂಚೆ. ಮನೆಗೆ ಒಂದೇ ಕಾಗದ, ಅದೂ ಜನ್ಮಕ್ಕೆ ಒಂದೇ ಸಲ. ಊರಿನವರೆಲ್ಲ ತಮ್ಮ ಪಾಲಿನದನ್ನು ನಿಮಗೆ ಬೈಯುವುದಕ್ಕೆ ಮುಗಿಸಿಕೊಂಡರು. ಕೆರೆ ಮುಚ್ಚಿದಿರಿ, ಗಾಳಿ ಕಾಯಿಸಿದಿರಿ, ಗುಬ್ಬಿ ಸಾಯಿಸಿದಿರಿ ಅಂತ ಏನೇನೋ. ನಾನು ಅದಕ್ಕೆಲ್ಲ ಬೈಯುವುದಿಲ್ಲ. ನನಗೆ ನಿಮ್ಮಲ್ಲಿ ಕೇಳಬೇಕಾದದ್ದು ಒಂದೇ. ಕಾಯಿಲೆಯವರು ಕಾಲು ಮೇಲೆತ್ತಿಕೊಂಡು ಮಲಗಿದ್ದಾಗ ಹಿರಿಯರು ಬಂದರೆ, ಆ ಕಾಲನ್ನು ಇಳಿಸಿ ಎದ್ದು ನಿಲ್ಲಬೇಕು ಅಂತ ನೀವು ಹೇಳಿದ್ದು ನಿಜವೇ? ಇಲ್ಲಿ ಎಲ್ಲರೂ ನಿಮ್ಮ ಕಡೆಗೇ ಕೈ ತೋರಿಸುತ್ತಾರೆ. ಹಿಂದಿನವರು ಹಾಕಿಕೊಟ್ಟದ್ದು ಅನ್ನುತ್ತಾರೆ. ಹಿಂದಿನವರು ಅಂದರೆ ನೀವೇ ತಾನೆ? ಅದಕ್ಕೇ ನೇರವಾಗಿ ನಿಮ್ಮನ್ನೇ ಹಿಡಿದಿದ್ದೇನೆ. ನನ್ನ ಸೊಸೆ ಮುಂದೆ ತನ್ನ ಕಾಲಲ್ಲಿ ನಡೆದು ಆಕಾಶ ನೋಡುವುದು, ಬಿಡುವುದು, ಈ ಒಂದು ಮಾತಿನ ಮೇಲಿದೆ.

ಮೊದಲು ನಮ್ಮ ಮನೆ ಎಂಥದು ಅಂತ ತಿಳಿಯಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ನಾವು ನೆಲದ ಮೇಲೆ ಇಲ್ಲ. ನಮ್ಮವು ಇಳಿಮನೆಗಳು. ಬಾವಿ ತೋಡುವ ಹಾಗೆ ಗುಂಡಗೆ ತೋಡಿ, ಸುತ್ತ ಕಲ್ಲು ಕಟ್ಟಿ, ತಂಪಿಗಾಗಿ ತಳದಲ್ಲಿ ಬದುಕುತ್ತೇವೆ. ಮೇಲೆ ಹೋಗುವುದಕ್ಕೆ ಗೋಡೆಗೆ ಸುತ್ತಿಕೊಂಡು ಏರುವ ಜಾರುದಾರಿ ಇದೆ. ಮೇಲೆ ಗಾಡಿ ತಂದ ನೀರನ್ನು ಪೀಪಾಯಿಯಲ್ಲಿ ಉರುಳಿಸಿಕೊಂಡು ಬರಬೇಕಲ್ಲ, ಅದಕ್ಕೆ ಮೆಟ್ಟಿಲು ಕಟ್ಟುವುದಿಲ್ಲ. ಲಿಫ್ಟು ಊರಿಗೆಲ್ಲ ಒಂದಿದೆ, ಅದು ರಾಗಿ ಮೂಟೆ ಇಳಿಸುವುದಕ್ಕೆ. ಬೆಳಕಿಗೆ ಪ್ರತಿ ಮನೆಯ ಬಾಯಲ್ಲೂ ಒಂದು ದೊಡ್ಡ ಕನ್ನಡಿ ನಿಲ್ಲಿಸಿರುತ್ತಾರೆ. ಹೊತ್ತು ತಿರುಗಿದ ಹಾಗೆ ಅದನ್ನೂ ತಿರುಗಿಸಿದರೆ ತಳಕ್ಕೆ ತಟ್ಟೆಯಗಲ ಬಿಸಿಲು ಬೀಳುತ್ತದೆ. ಆ ತಟ್ಟೆ ಬಿಸಿಲಿನಲ್ಲೇ ನಮ್ಮ ಸೊಪ್ಪು ಬೆಳೆಯಬೇಕು, ಹಪ್ಪಳ ಒಣಗಬೇಕು, ಎಣ್ಣೆ ಹಚ್ಚಿದ ಕೂಸು ಕೂರಬೇಕು. ಮನೆಮನೆಯ ಬಾಯಿಗೂ ನಡೆದು ಕನ್ನಡಿ ಒರೆಸಿ ತಿರುಗಿಸುವವರಿಗೆ ಬೆಳಕಿನವರು ಅನ್ನುತ್ತೇವೆ. ನನ್ನ ಸೊಸೆ ಕೆಂಚಮ್ಮ ನಮ್ಮ ಓಣಿಯ ಬೆಳಕಿನವಳು.

ಇಂಥ ಊರಿನಲ್ಲಿ ಕೈ ಇಲ್ಲದಿದ್ದರೂ ಹೇಗೋ ನಡೆದೀತು, ಹರಡು ಇಲ್ಲದಿದ್ದರೆ ನಡೆಯುವುದಿಲ್ಲ. ಕಾಲೂ ಪಾದವೂ ಸೇರುವ ಕಡೆ ಎರಡು ಪಕ್ಕದಲ್ಲೂ ಗುಬುಟು ಕಾಣುತ್ತದಲ್ಲ, ಆ ಕೀಲಿನ ಹೆಸರೇ ಹರಡು. ಏರುವಾಗ ಪಾದ ಅಲ್ಲಿ ಮಡಿಯಬೇಕು, ಇಳಿಯುವಾಗ ಚಾಚಬೇಕು. ಕೆಂಚಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಕನ್ನಡಿ ಹೊತ್ತುಕೊಂಡು ಜಾರಿ ಬಿದ್ದಳು. ಕನ್ನಡಿ ಉಳಿಯಿತು, ಎಡಗಾಲಿನ ಹರಡು ಮುರಿಯಿತು. ಕೂಡಿಕೊಂಡದ್ದೂ ಸೊಟ್ಟಕ್ಕೆ ಕೂಡಿಕೊಂಡಿತು. ವರ್ಷ ಕಳೆದ ಹಾಗೆ ಕೀಲಿನೊಳಗಿನ ನುಣುಪೆಲ್ಲ ಸವೆದು ಮೂಳೆಗೆ ಮೂಳೆ ತಿಕ್ಕತೊಡಗಿತು. ಇದಕ್ಕೆ ನೀವೂ ಸಂಧಿವಾತ ಅನ್ನುತ್ತಿದ್ದಿರಂತೆ, ನಾವೂ ಹಾಗೇ ಅನ್ನುತ್ತೇವೆ. ಬೆಳಗ್ಗೆ ಎದ್ದವಳು ಗೋಡೆ ಹಿಡಿದು ನಿಂತು, ಹಲ್ಲು ಕಚ್ಚಿ, ಮೊದಲ ಹೆಜ್ಜೆ ಇಡುವುದನ್ನು ನಾನು ಒಲೆಯ ಹತ್ತಿರ ಕೂತು ನೋಡುತ್ತಿದ್ದೆ. ಹೊರಗೆ ಹೋದರೆ ಕುಂಟುತ್ತಿರಲಿಲ್ಲ. ಕುಂಟಿದರೆ ಜನ ತಡೆದು "ಯಾಕವ್ವ, ಏನಾಯ್ತು" ಅಂತ ಕೇಳುತ್ತಾರೆ, ಅವರಿಗೆ ಉತ್ತರ ಹೇಳುವಷ್ಟು ಹೊತ್ತು ನಿಲ್ಲುವುದಕ್ಕೂ ಅವಳಿಗೆ ಆಗುತ್ತಿರಲಿಲ್ಲ.

ಕೊನೆಗೆ ನನ್ನ ಮಗ ಪಾಲಯ್ಯ ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ, ನಾನೂ ಹೋದೆ. ಡಾಕ್ಟರಮ್ಮ ಎರಡು ದಾರಿ ಹೇಳಿದಳು. ಒಂದು, ಸವೆದ ಮೂಳೆಗಳನ್ನು ಒಂದಕ್ಕೊಂದು ಬೆಸೆದುಬಿಡುವುದು. ನೋವು ಹೋಗುತ್ತದೆ, ಆದರೆ ಹರಡು ಮಡಿಯುವುದಿಲ್ಲ. ಸಮನೆಲದಲ್ಲಿ ಬದುಕುವವರಿಗೆ ಅದು ಒಳ್ಳೆಯದೇ ಅಂದಳು. ನಮ್ಮ ಜಾರುದಾರಿಯಲ್ಲಿ ಮಡಿಯದ ಪಾದ ಕಟ್ಟಿಕೊಂಡು ಏರುವುದು ಎಲ್ಲಿಂದ ಬಂತು? ಇನ್ನೊಂದು, ಸವೆದದ್ದನ್ನು ಕೊಯ್ದು ತೆಗೆದು ಅಚ್ಚುಗೀಲು ಕೂರಿಸುವುದು. ನಿಮ್ಮ ಕಾಲದಲ್ಲೂ ಇದು ಇತ್ತು ಅಂದಳು, ಮೇಲೊಂದು ಲೋಹ, ಕೆಳಗೊಂದು ಲೋಹ, ನಡುವೆ ಜಾರುವ ಒಂದು ಬಿಲ್ಲೆ. ಈಗ ಅವರವರ ಮೂಳೆಯ ಅಚ್ಚು ತೆಗೆದು ಅವರಿಗೇ ಅಂತ ಎರಕ ಹುಯ್ಯುತ್ತಾರೆ, ಅದಕ್ಕೇ ಆ ಹೆಸರು. ಭಾರ ಹೊತ್ತು ಕುಣಿಯಬಾರದು, ಎಗರಬಾರದು, ಉಳಿದಂತೆ ನಡೆಯಬಹುದು, ಏರಬಹುದು. ಕೆಂಚಮ್ಮ ಎರಡನೆಯದನ್ನೇ ಕೇಳಿದಳು. ತೆಗೆದ ಮೂಳೆಯನ್ನು ನನಗೆ ತೋರಿಸಿದರು. ಇಲಿ ತಿಂದುಬಿಟ್ಟ ಕೊಬ್ಬರಿ ಬಟ್ಟಲಿನ ಹಾಗಿತ್ತು. ಅದರ ಮೇಲೆ ನಿಂತು ಅವಳು ಇಷ್ಟು ವರ್ಷ ನಮ್ಮೆಲ್ಲರ ಮನೆಗೆ ಬಿಸಿಲು ತಿರುಗಿಸಿದ್ದಳು.

ಕೀಲು ನಮ್ಮ ಕಾಲದ್ದು, ಚರ್ಮ ಮಾತ್ರ ಇನ್ನೂ ನಿಮ್ಮ ಕಾಲದ್ದೇ. ಅದು ಕೂಡಿಕೊಳ್ಳುವುದು ಅದರ ಹೊತ್ತಿಗೇ. ಹರಡಿನ ಮುಂದಿನ ಚರ್ಮ ಹಲ್ಲಿಯ ಹೊಟ್ಟೆಯ ಹಾಗೆ ತೆಳುವಾಗಿರುತ್ತದೆ, ಕೊಯ್ಯುವುದೂ ಅಲ್ಲಿಯೇ. ಡಾಕ್ಟರಮ್ಮ ಬೆರಳು ಎತ್ತಿ ಹೇಳಿದಳು: ಪಾದ ನೆಲ ಮುಟ್ಟಬಾರದು, ಮಲಗಿದರೆ ಕಾಲು ಎದೆಗಿಂತ ಮೇಲಿರಬೇಕು, ಇಳಿಬಿಟ್ಟರೆ ಊದುತ್ತದೆ, ಊದಿದರೆ ಹೊಲಿಗೆ ಬಿರಿಯುತ್ತದೆ. ಅಷ್ಟೇ ಅವಳು ಕೇಳಿದ್ದು. ಸುಮ್ಮನೆ ಮಲಗಿರುವುದು. ಹೆಂಗಸು ಸುಮ್ಮನೆ ಮಲಗಿರುವುದಕ್ಕಿಂತ ಕಷ್ಟದ ಕೆಲಸ ಈ ಲೋಕದಲ್ಲಿ ಇಲ್ಲ ಅಂತ ಆಮೇಲೆ ತಿಳಿಯಿತು.

ಮನೆಗೆ ಬಂದೆವು. ಪಾಲಯ್ಯ ಮಂಚ ಹಾಕಿ, ದಿಂಬಿನ ಮೇಲೆ ದಿಂಬು ಪೇರಿಸಿ, ಕಾಲು ಎತ್ತಿ ಇಟ್ಟ. ಶುರುವಾಯಿತು ನೋಡಿ ಮೆರವಣಿಗೆ.

ನಿಮ್ಮ ಮಾವಿನ ಮರ ನಮ್ಮ ತನಕ ಬರಲಿಲ್ಲ. ನವಿಲು ಬರಲಿಲ್ಲ. ಮಳೆ ಬಂದರೂ ಹಾದಿ ತಪ್ಪಿ ಬರುತ್ತದೆ. ಕಾಯಿಲೆಯವರನ್ನು ನೋಡಲು ಬರುವ ಜನ ಮಾತ್ರ ಒಬ್ಬರೂ ಕಡಿಮೆಯಾಗದೆ ಬಂದು ತಲುಪಿದ್ದಾರೆ. ಥೂ! ಬರುವವರು ಬಿಸ್ಕತ್ತಿನ ಪೊಟ್ಟಣ ತರುತ್ತಾರೆ, ಟೀ ಕುಡಿಯುವಾಗ ಅದನ್ನೇ ಬಿಚ್ಚಿ ಅದ್ದಿಕೊಂಡು ತಿನ್ನುತ್ತಾರೆ. ಮೇಲಿನ ಬಿಸಿಲಿಗೆ ಅಂತ ನಾವು ತಂಪಂಗಿ ತೊಡುತ್ತೇವೆ, ಒಳಗೆ ನೀರು ಹರಿಯುವ ಅಂಗಿ. ಅದನ್ನು ತಿಂಗಳುಗಟ್ಟಲೆ ಒಗೆಯದೆ, ಹುಳಿ ಮಜ್ಜಿಗೆ ನಾರುವ ಹಾಗೆ ನಾರಿಕೊಂಡು ಅವಳ ಮಗ್ಗುಲಲ್ಲೇ ಕೂರುತ್ತಾರೆ. ಒಬ್ಬಳು ಬಾತ ಬೆರಳನ್ನು ಒತ್ತಿ ಗುಳಿ ಬೀಳುತ್ತದೆಯೇ ಅಂತ ನೋಡಿದಳು. ಮೂಗು ಸೀಟಿದ ಕೈಯಲ್ಲೇ ಪಟ್ಟಿ ಸರಿಸಿ ಹೊಲಿಗೆ ನೋಡಿದವನೂ ಒಬ್ಬ. ಒಬ್ಬೊಬ್ಬರ ಹತ್ತಿರವೂ ಹರಡು ಕೆಟ್ಟು ಸತ್ತವರ ಒಂದೊಂದು ಕಥೆ. ಕೆಂಚಮ್ಮ ಮಲಗಿದ ಮೇಲೆ, ಅವಳನ್ನು ಬಿಟ್ಟು ಗಳಿಗೆಗೊಮ್ಮೆ ಏರಿ ಕನ್ನಡಿ ತಿರುಗಿಸುವುದು ನನಗೂ ಪಾಲಯ್ಯನಿಗೂ ಆಗದೆ, ನಮ್ಮ ಮನೆ ಹಗಲಲ್ಲೂ ಕತ್ತಲೆ. ಬಂದವರೆಲ್ಲ ಆ ಕನ್ನಡಿಯ ಪಕ್ಕದಲ್ಲೇ ಹಾದು ಇಳಿದು, ಅದರ ಪಕ್ಕದಲ್ಲೇ ಹಾದು ಏರಿ ಹೋದರು. ಒಬ್ಬರಾದರೂ ಅದಕ್ಕೆ ಕೈ ಹಚ್ಚಲಿಲ್ಲ. "ಎಷ್ಟ್ ಕತ್ಲೆ ಅಲ್ವೇ ನಿಮ್ಮನೇಲಿ" ಅಂದು ಹೋದರು.

ನನ್ನ ನಾದಿನಿ ಗಾದ್ರಮ್ಮ ದಿನವೂ ತಪ್ಪದೆ ಬರುವವಳು. ಅವಳು ಬಂದವಳೇ ಕಾಲು ಎತ್ತ ತೋರುತ್ತಿದೆ ಅಂತ ನೋಡಿದಳು. ನಮ್ಮದು ಗುಂಡು ಮನೆ ಅಂದೆನಲ್ಲ, ಎತ್ತಿದ ಕಾಲು ಯಾವ ಕಡೆಗಾದರೂ ತೋರಲೇಬೇಕು. "ಅಯ್ಯಯ್ಯೋ, ದೇವರ ಗೂಡಿಗೆ ಕಾಲು ಚಾಚವಳಲ್ಲ ಅತ್ತಿಗೆ!" ಅಂದಳು. ಪಾಲಯ್ಯ ಮಂಚ ತಿರುಗಿಸಿದ. ಆಗ ಅದು ತೀರಿಹೋದ ಹಿರಿಯರ ಫೋಟೋಗಳ ಕಡೆಗಾಯಿತು. ಫೋಟೋದಲ್ಲಿರುವುದು ಗಾದ್ರಮ್ಮನ ಅಪ್ಪ, ಬದುಕಿದ್ದಾಗ ಯಾರ ಕಾಲೂ ಅವನ ಕಣ್ಣಿಗೆ ಬಿದ್ದಿರಲಿಲ್ಲ, ಕಣ್ಣೇ ಕಾಣುತ್ತಿರಲಿಲ್ಲ. ಆದರೂ ಆಗಲ್ಲ ಅಂದಳು. ಮತ್ತೆ ತಿರುಗಿಸಿದ. ಆಗ ಕಾಲು ಜಾರುದಾರಿಯ ಕಡೆಗಾಯಿತು, ಇಳಿದು ಬಂದವರ ಮುಖಕ್ಕೇ ಪಾದ. ಕೆಂಚಮ್ಮ ನಾಚಿಕೆಗೆ ಕುಗ್ಗಿ, ಮೇಲೆ ಹೆಜ್ಜೆ ಸಪ್ಪಳವಾದರೆ ಸಾಕು, ಕಾಲು ಇಳಿಸಿ ಸೆರಗು ಸರಿ ಮಾಡಿಕೊಳ್ಳತೊಡಗಿದಳು. ನಾನು ಗದರಿದರೆ ಎತ್ತುವಳು. ನಾನು ಒಲೆಯ ಕಡೆ ತಿರುಗಿದರೆ ಮತ್ತೆ ಇಳಿಸುವಳು.

ನೀರಿನ ಗಾಡಿ ಬಂದಿದೆ ಅಂತ ನಾನು ಮೇಲೆ ಹೋಗಿದ್ದ ಒಂದು ಬೆಳಗ್ಗೆ ಬೊಮ್ಮಣ್ಣ ಬಂದ. ನನ್ನ ಗಂಡನ ಅಣ್ಣ, ಓಣಿಗೆಲ್ಲ ಹಿರಿಯ. ಕೆಂಚಮ್ಮ ಮಂಚದಿಂದ ಇಳಿದು ನಿಂತಳು. ನಿಂತವಳು ಬಗ್ಗಿ ಅವನ ಪಾದ ಮುಟ್ಟಿದಳು, ಭಾರವೆಲ್ಲ ಎಡಗಾಲಿಗೇ ಬಿತ್ತು. ಅವನು ತಲೆ ಮುಟ್ಟಿ ಆಶೀರ್ವಾದ ಮಾಡಿದ. ಆಮೇಲೆ ಕೂತ, ಕೂತು ತನ್ನ ಮಂಡಿ ನೋವಿನ ಕಥೆ ಹೇಳಿದ. ಕೂತ್ಕೊಳವ್ವ ಅಂತ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಅವಳು ಕೇಳುತ್ತ ನಿಂತೇ ಇದ್ದಳು. ನಾನು ಪೀಪಾಯಿ ಉರುಳಿಸಿಕೊಂಡು ಇಳಿದು ಬರುವ ಹೊತ್ತಿಗೆ ಪಟ್ಟಿ ಕೆಂಪಾಗಿತ್ತು. ಅವನು ಟೀ ಇಲ್ಲವೇ ಅಂತ ಕೇಳಿದ.

ಹೊಲಿಗೆ ಬಿರಿದಿತ್ತು. ಎರಡು ದಿನಕ್ಕೆ ಅದರೊಳಗಿಂದ ವಾಸನೆ ಬಂತು. ಆ ವಾಸನೆಯನ್ನು ಇಲ್ಲಿ ಬರೆದರೆ ಕಾಗದವನ್ನು ನೀವು ಹಿಡಿಯಲಾರಿರಿ, ಬಿಡಿ. ಮತ್ತೆ ಆಸ್ಪತ್ರೆ, ಮತ್ತೆ ಕೊಯ್ದು, ಕೀವು ತೊಳೆದು, ಹೊಲಿದರು. ಈ ಸಲ ಡಾಕ್ಟರಮ್ಮ ಬೆರಳು ಎತ್ತಲಿಲ್ಲ, ಮೆತ್ತಗೆ ಹೇಳಿದಳು. ಇನ್ನೊಂದು ಸಲ ಬಿರಿದರೆ ಅಚ್ಚುಗೀಲು ತೆಗೆಯಬೇಕಾಗುತ್ತದೆ. ತೆಗೆದರೆ ಬೆಸೆಯುವುದೊಂದೇ ದಾರಿ. ಕೆಂಚಮ್ಮ ಅಳಲಿಲ್ಲ. "ಹಂಗಾದ್ರೆ ನಾನು ತಳದಾಗೇ ಇರೋದು ಅಲ್ವಾ ಅತ್ತೆ, ಸಾಯೋವರೆಗೂ" ಅಂದಳು. ಬಾವಿಯ ತಳದಲ್ಲಿ ಕೂತು, ಇನ್ನೊಬ್ಬರು ನೆನಪಾದಾಗ ತಿರುಗಿಸಿದ ಬಿಸಿಲಿಗೆ ಬಾಯಿ ಬಿಡುವುದು. ಆ ಬಿಸಿಲನ್ನು ಓಣಿಗೆಲ್ಲ ಹಂಚಿದವಳು ಅವಳು.

ನಾನು ಬೊಮ್ಮಣ್ಣನ ಮನೆಗೆ ಹೋದೆ. ಕೈಯಲ್ಲಿ ಬಕೆಟ್ಟು ಹಿಡಿದೇ ಹೋದೆ. "ಭಾವ, ನಿಮ್ಮ ಸೊಸೆಯನ್ನ ನಿಲ್ಲಿಸಿ ಮಾತಾಡಿದಿರಲ್ಲ" ಅಂದೆ. "ನಾನು ನಿಲ್ಲು ಅಂದ್ನೇನಮ್ಮ? ಅವಳೇ ನಿಂತ್ಲು. ಹಿಂದಿನೋರು ಹಾಕ್ಕೊಟ್ಟ ಸಂಸ್ಕಾರ, ರಕ್ತದಾಗೇ ಬಂದೈತೆ" ಅಂದ. ನಾನು ಬಕೆಟ್ಟಿನ ಮುಚ್ಚಳ ತೆಗೆದೆ. ಒಳಗೆ ಬಿಚ್ಚಿದ ಹಳೇ ಪಟ್ಟಿಗಳಿದ್ದವು. "ರಕ್ತದಾಗೆ ಬಂದದ್ದು ಇಗೋ ಇಲ್ಲಿ ಇಳಿದೈತೆ ಭಾವ, ನಿಮ್ಮದೇ, ಇಟ್ಕೊಳ್ಳಿ" ಅಂದೆ. ಅವನು ಮೂಗು ಮುಚ್ಚಿಕೊಂಡ. ಅವಳು ನೋವು ತಡೆದುಕೊಂಡು ನಿಂತಿದ್ದಾಗ ಕಥೆ ಹೇಳಿದವನಿಗೆ ಒಂದು ಗಳಿಗೆ ವಾಸನೆ ತಡೆಯಲಾಗಲಿಲ್ಲ. ನನಗೆ ಅವನ ಮೇಲೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚಾಯಿತು, ಬಾಯೊಳಗೆ ಏನೋ ಹುಳ ಹೋದ ಹಾಗೆ.

ಆದರೆ ಒಂದು ಮಾತು ನಿಜ. ಅವನು ನಿಲ್ಲು ಅಂದಿರಲಿಲ್ಲ. ಯಾರೂ ಅಂದಿರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಅಸಹ್ಯ. ಎರಡನೆಯ ಸಲ ಮನೆಗೆ ಬಂದ ಮೇಲೆ ಪಾಲಯ್ಯ ಅವಳ ಕಾಲನ್ನು ಮೆತ್ತನೆ ಬಟ್ಟೆಯಲ್ಲಿ ದಿಂಬಿಗೆ ಕಟ್ಟಿದ. ಮೇಲೆ ಯಾರೋ ಕೆಮ್ಮಿದರು. ಕಣ್ಣು ಮುಚ್ಚಿ ಮಲಗಿದ್ದ ಕೆಂಚಮ್ಮನ ಕೈ ತಾನಾಗಿ ಹೋಗಿ ಗಂಟು ಬಿಚ್ಚಿತು. "ನಂಗೇ ಗೊತ್ತಾಗಲ್ಲ ಅತ್ತೆ, ಕಾಲು ತಾನೇ ಇಳೀತದೆ" ಅಂದಳು. ಗಾದ್ರಮ್ಮನ ಬಾಯಿ ನಾನು ಮುಚ್ಚಿಸಬಲ್ಲೆ. ಈ ಹುಡುಗಿಯ ಮೈಯೊಳಗೆ ಕೂತು ಎದ್ದೇಳು ಎದ್ದೇಳು ಅನ್ನುವ ನಿಮ್ಮ ಬಾಯಿ ಮುಚ್ಚಿಸುವುದು ಹೇಗೆ?

ಒಂದು ಹಗಲು ಯೋಚಿಸಿದೆ. ಮಂಚ ತೆಗೆಸಿದೆ. ಅವಳನ್ನು ನೆಲದ ಮೇಲೆ ಹಾಸಿಗೆ ಹಾಕಿ ಮಲಗಿಸಿದೆ. ನಮ್ಮ ಮನೆಯ ಗೋಡೆಗುಂಟ ಕಲ್ಲಿನ ಜಗಲಿ ಇದೆ. ನಾನು ಅದರ ಮೇಲೆ ಕೂತು, ಅವಳ ಕಾಲನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಎರಡು ಕೈಯಲ್ಲೂ ಹಿಡಿದುಕೊಂಡೆ. "ಅತ್ತೆ, ಬ್ಯಾಡಿ, ಪಾಪ ಬರ್ತದೆ" ಅಂತ ಒದ್ದಾಡಿದಳು. "ಸುಮ್ಕಿರೇ ಕೆಂಚಿ. ಈಗ ಕಾಲು ಕಿತ್ಕೊಂಡೆಯೋ, ಅತ್ತೆನ ಒದ್ದಂಗಾಗ್ತದೆ. ಅದು ಇದಕ್ಕಿಂತ ದೊಡ್ಡ ಪಾಪ" ಅಂದೆ. ಅವಳು ಕಾಲು ಕೊಸರುವುದು ಬಿಟ್ಟಳು. ಹಿರಿಯರು ಬಂದರೆ ಏಳಬೇಕು, ಸರಿ. ಹಿರಿಯಳನ್ನು ಒದ್ದು ಏಳುವ ಹಾಗಿಲ್ಲ. ನೀವು ಹಾಕಿಕೊಟ್ಟ ಒಂದು ಸಂಸ್ಕಾರವನ್ನು ಇನ್ನೊಂದರ ಮೇಲೆ ಕೂರಿಸಿ ಬಿಗಿದೆ. ಎರಡೂ ನಿಮ್ಮವೇ, ಬೇಕಾದರೆ ಬಂದು ಬಿಡಿಸಿಕೊಳ್ಳಿ.

ಗಾದ್ರಮ್ಮ ಇಳಿದು ಬಂದು ನೋಡಿ ಎದೆ ಬಡಿದುಕೊಂಡಳು. "ಸೊಸೆ ಕಾಲು ತೊಡೆ ಮ್ಯಾಗೆ ಇಟ್ಕಂಡಿದೀಯಲ್ಲ ಅತ್ತಿಗೆ! ನೋಡ್ದೋರು ಏನಂತಾರೆ?" "ನೋಡಕ್ಕೇ ಅಂತ ಬಂದಿರೋಳು ನೀನು, ನೀನೇ ಹೇಳು ಏನಂತೀಯ ಅಂತ" ಅಂದೆ. ಅವಳು ತಂದಿದ್ದ ಬಿಸ್ಕತ್ತನ್ನೂ ವಾಪಸು ತೆಗೆದುಕೊಂಡು ಹೋದಳು. ಸುದ್ದಿ ಓಣಿಯೆಲ್ಲ ಹಬ್ಬಿತು. ತಿಪ್ಪಕ್ಕನಿಗೆ ತಲೆ ಕೆಟ್ಟಿದೆ, ಸೊಸೆಯ ಪಾದ ಹೊತ್ತು ಕೂತಿದ್ದಾಳೆ ಅಂತ. ಒಬ್ಬೊಬ್ಬರಾಗಿ ಬರುವುದು ನಿಂತಿತು. ತಲೆ ಕೆಟ್ಟವಳ ಮನೆಯಲ್ಲಿ ಟೀ ಯಾರು ಕುಡಿಯುತ್ತಾರೆ? ಬೊಮ್ಮಣ್ಣ ಒಂದು ಸಲ ಅರ್ಧ ಇಳಿದು, ನಮ್ಮನ್ನು ನೋಡಿ, ಹಾಗೇ ತಿರುಗಿ ಏರಿ ಹೋದ. ಅವನ ಮಂಡಿ ಅಷ್ಟು ಜೋರಾಗಿ ಏರಬಲ್ಲದು ಅಂತ ಅಂದೇ ಗೊತ್ತಾದದ್ದು.

ಅಂದಿನಿಂದ ಹೀಗೇ ಕೂತಿದ್ದೇನೆ. ಅಡುಗೆ ಪಾಲಯ್ಯನದು, ಸಾರಿಗೆ ಉಪ್ಪು ಹಾಕುವುದು ಅವನಿಗೆ ನೆನಪಿರುವುದಿಲ್ಲ, ನೆಂಚಿಕೊಂಡು ತಿನ್ನುತ್ತೇವೆ. ಅವನು ಬಂದು ಬದಲಿಗೆ ಕೂತರೆ ನಾನು ಎದ್ದು ನಡು ಚಾಚುತ್ತೇನೆ. ಆದರೆ ಸಪ್ಪಳವಾದರೆ ಅವನ ತೊಡೆಯಿಂದ ಕಾಲು ಜಾರುತ್ತದೆ, ನನ್ನ ತೊಡೆಯಿಂದ ಜಾರುವುದಿಲ್ಲ. ಹಾಗಾಗಿ ಹೆಚ್ಚು ಹೊತ್ತು ನಾನೇ. ಸಾಲು ಯಾಕೆ ಡೊಂಕು ಅಂತ ಈಗ ತಿಳಿಯಿತಲ್ಲ. ಕಾಗದವನ್ನು ಕೆಂಚಮ್ಮನ ಮೊಣಕಾಲಿನ ಹತ್ತಿರ ಒರಗಿಸಿಕೊಂಡು ಬರೆಯುತ್ತಿದ್ದೇನೆ. ಅವಳು ಉಸಿರಾಡಿದ ಹಾಗೆಲ್ಲ ಅಕ್ಷರ ಏರಿ ಇಳಿಯುತ್ತದೆ.

ಇವತ್ತು ಬೆಳಗ್ಗೆ ಡಾಕ್ಟರಮ್ಮ ತಾನೇ ಇಳಿದು ಬಂದು ಪಟ್ಟಿ ಬಿಚ್ಚಿ ನೋಡಿದಳು. ಅಂಚು ಒಣಗಿದೆ, ಕೀವಿಲ್ಲ, ಚರ್ಮ ಹಿಡಿದುಕೊಂಡಿದೆ ಅಂದಳು. ಇನ್ನೂ ಕೆಲವು ವಾರ ಹೀಗೇ ಇದ್ದರೆ ಅಚ್ಚುಗೀಲು ಉಳಿಯುತ್ತದಂತೆ, ಮೊದಲು ನಿಲ್ಲುವುದು, ಆಮೇಲೆ ಊರುಗೋಲಿನಲ್ಲಿ ನಡೆಯುವುದು, ಕೊನೆಗೆ ಏರುವುದು. ಹೀಗೇ ಇದ್ದರೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಿಂದ ನನಗೆ ಉತ್ತರ ಬರುವ ದಾರಿಯಿಲ್ಲ, ಗೊತ್ತು. ನೀವು ಹಾಗೆ ಹೇಳಿರಲಿಲ್ಲವಾದರೆ ದೊಡ್ಡ ದನಿಯಲ್ಲಿ ಇಲ್ಲ ಅನ್ನಿ, ನಿಮ್ಮ ಮಕ್ಕಳಿಗೆ ಕೇಳುವ ಹಾಗೆ. ಹೇಳಿದ್ದರೆ, ಈಗಲೇ ವಾಪಸು ತೆಗೆದುಕೊಳ್ಳಿ, ಇನ್ನೂ ಹೊತ್ತಿದೆ. ನಿಮ್ಮ ಓಣಿಯಲ್ಲೂ ಈಗ ಯಾರೋ ಕಾಲು ಎತ್ತಿಕೊಂಡು ಮಲಗಿರುತ್ತಾರೆ. ಅವರ ಮಗ್ಗುಲಿಗೆ ಹೋಗಬೇಡಿ. ಹೋಗದಿದ್ದರೆ ತಪ್ಪು ತಿಳಿಯುತ್ತಾರೆ ಅಂತಿದ್ದರೆ, ಹಿತ್ತಲ ಬಾಗಿಲಿಂದ ಹೋಗಿ ಪಾತ್ರೆ ತೊಳೆದಿಟ್ಟು, ನೀರು ತುಂಬಿಟ್ಟು, ಸದ್ದು ಮಾಡದೆ ಬನ್ನಿ. ನೀವು ಬಂದು ಹೋದದ್ದು ತೊಳೆದ ಪಾತ್ರೆಯಿಂದ ಅವರಿಗೆ ತಿಳಿದರೆ ಸಾಕು.

ಇಷ್ಟು ಬರೆಯುವ ಹೊತ್ತಿಗೆ ಮೇಲೆ ಹೆಜ್ಜೆ ಸಪ್ಪಳವಾಯಿತು. ಕೆಂಚಮ್ಮ ನಿದ್ದೆಯಲ್ಲಿದ್ದಳು. ಕಾಲು ನನ್ನ ಕೈಯೊಳಗೆ ಒಮ್ಮೆ ಅದುರಿತು. ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಜಾರುದಾರಿಯ ಕಡೆ ನೋಡಿದಳು. ನಾನು ಬೇಕೆಂದೇ ಕೈ ಸಡಿಲ ಬಿಟ್ಟೆ. ಕಾಲು ಇಳಿಯಲಿಲ್ಲ. ಭಾರವೆಲ್ಲ ನನ್ನ ತೊಡೆಯ ಮೇಲೆ ಬಿಟ್ಟು ಅವಳು ಮತ್ತೆ ಕಣ್ಣು ಮುಚ್ಚಿದಳು.

ಯಾರೂ ಇಳಿದು ಬರಲಿಲ್ಲ. ಮೇಲೆ ಕನ್ನಡಿ ಕಿರುಗುಟ್ಟಿತು. ಇಷ್ಟು ದಿನದ ಮೇಲೆ ತಟ್ಟೆಯಗಲ ಬಿಸಿಲು ಗೋಡೆಯ ಮೇಲೆ ಬಿದ್ದು, ತಡವರಿಸಿಕೊಂಡು ಇಳಿದು, ಅವಳ ಪಾದದ ಹತ್ತಿರ ನಿಂತಿತು. ಆಮೇಲೆ ಮೇಲೆ ಯಾರೋ ಕೆಮ್ಮಿದರು, ಹೆಜ್ಜೆಗಳು ದೂರವಾದವು. ಆ ಕೆಮ್ಮು ಗಾದ್ರಮ್ಮನದು, ನನಗೆ ಗೊತ್ತು. ಮೇಲೆ ಅವಳ ಬಗ್ಗೆ ಬರೆದದ್ದನ್ನು ನಾನು ಹೊಡೆದು ಹಾಕುವುದಿಲ್ಲ. ಬಿಸ್ಕತ್ತು ವಾಪಸು ತೆಗೆದುಕೊಂಡು ಹೋದದ್ದು ಹೋದದ್ದೇ.

ಕಾಗದವನ್ನು ಪಾಲಯ್ಯ ಅಂಚೆಗೆ ಹಾಕುತ್ತಾನೆ. ನಾನು ಈಗ ಏಳುವ ಹಾಗಿಲ್ಲ.

ನಿಮ್ಮ ಮುಂದಿನವಳು,
ತಿಪ್ಪಕ್ಕ